ಬಾಗಿಲು ಉಜ್ಜೋ ಮುಂಚೆ ವಿಮಾನ ಮಟ್ಟ ಮಾಡಿ

ಎರಡು ಸಂಚಿಕೆ ಹಿಂದೆ ಇದೇ ರಿಪೇರಿ ಕಾಲಂನಲ್ಲಿ ಅಂಬಾಸಿಡರ್ ಕಾರಿನ ಬಾಗಿಲ ಬಗ್ಗೆ ಬರೀತಾ, ನಾನು ಬಾಗಿಲು ಕೂರಿಸೋ ಕೆಲಸ ಕಲಿತಿದ್ದು ಪುಷ್ಪಕ್ ವಿಮಾನದ ಮೇಲೆ ಅಂತ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿಗೆ ತುಮಕೂರು, ಕೆಜಿಎಫ್, ಚಿಕ್ಕಬಳ್ಳಾಪುರ ಅಂತ ಸುತ್ತಮುತ್ತಲಿಂದೆಲ್ಲ ಪ್ರಶ್ನೆ ಬಂದಿವೆ, ಹಾಗಾಗಿ ಈ ಸಲ ನಲ್ಲಿ, ಮಿಕ್ಸಿ, ಸೋರೋ ತಾರಸಿ ಎಲ್ಲ ಪಕ್ಕಕ್ಕಿಟ್ಟು ಪೂರ್ತಿ ವಿಮಾನದ್ದೇ ಮಾತಾಡೋಣ.

ಪುಷ್ಪಕ್ ನೋಡಿಲ್ಲದವರಿಗೆ ಎರಡು ಮಾತು. ಇದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಎರಡು ಸೀಟಿನ ಪುಟ್ಟ ವಿಮಾನ, ಮೊದಲು ಹಾರಿದ್ದು 1958ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಏರೋಂಕಾ ಚೀಫ್ ವಿಮಾನದ ಆಧಾರದ ಮೇಲೆ ಮಾಡಿದ್ದು, 90 ಹಾರ್ಸ್‌ಪವರ್ ಕಾಂಟಿನೆಂಟಲ್ ಇಂಜಿನ್, ರೆಕ್ಕೆ ತಲೆ ಮೇಲೆ, ಮೈಯೆಲ್ಲ ಸ್ಟೀಲ್ ಪೈಪಿನ ಹಂದರ, ಅದರ ಮೇಲೆ ಬಟ್ಟೆ ಬಿಗಿದು ಡೋಪ್ ಅನ್ನೋ, ಬಟ್ಟೆನ ಬಿಗಿ ಮಾಡೋ ವಾರ್ನಿಷ್ ಥರದ್ದು ಬಳಿದಿರ್ತಾರೆ. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಪೈಲಟ್‌ಗಳು ಹಾರಾಟ ಕಲಿತಿದ್ದು ಇದರಲ್ಲೇ.

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಶೆಡ್‌ನಲ್ಲಿ ಒಂದು ಹಳೇ ಪುಷ್ಪಕ್ ಇದೆ. ರೆಕ್ಕೆ ಬಿಚ್ಚಿ ಗೋಡೆಗೆ ಒರಗಿಸಿದೀವಿ. ಒಂದು ಟೈರ್ ಪೂರ್ತಿ ಕೂತಿದೆ. ಎಡಗಡೆ ಬಾಗಿಲು ಮುಚ್ಚೋಕೆ ಆಗ್ತಿಲ್ಲ, ಕೆಳಗಡೆ ಮೂಲೆ ಹೊಡೀತದೆ, ಮೇಲೆ ಎರಡು ಬೆರಳು ಸಂದಿ. ಟಿಂಕರ್ ಬಂದು ನೋಡಿ ಅಂಚು ಗ್ರೈಂಡ್ ಮಾಡಿದ್ರೆ ಅರ್ಧ ಗಂಟೆ ಕೆಲಸ ಅಂತಾರೆ. ಮಾಡಿಸಬಹುದಾ? (ವರ್ಕ್‌ಶಾಪ್ ಮೇಷ್ಟ್ರು, ತುಮಕೂರು)

ಬೇಡ ಮೇಷ್ಟ್ರೇ, ದಯವಿಟ್ಟು ಬೇಡ. ಗ್ರೈಂಡರ್‌ನ ಆ ಶೆಡ್ ಒಳಗೇ ಬಿಡಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ನಿಮ್ಮ ಪತ್ರದಲ್ಲೇ ಉತ್ತರ ಇದೆ, ಒಂದು ಟೈರ್ ಕೂತಿದೆ ಅಂದ್ರಲ್ಲ, ಅದು. ಪೈಪಿನ ಹಂದರ ಅಂದ್ರೆ ನೋಡೋಕೆ ಗಟ್ಟಿ, ಆದ್ರೆ ಬಾಗಿಲಿಗೆ ಅಂತ ಬಿಟ್ಟಿರೋ ಜಾಗ ಇದೆಯಲ್ಲ ಅಲ್ಲಿ ಅಡ್ಡಪಟ್ಟಿ ಇರಲ್ಲ, ಇಡೀ ಮೈಯಲ್ಲಿ ಮೆತ್ತಗಿರೋ ಜಾಗ ಅದೇ. ವಿಮಾನ ಒಂದು ಕಡೆಗೆ ವಾಲಿ ವರ್ಷಗಟ್ಟಲೆ ನಿಂತ್ರೆ, ಅದರಲ್ಲೂ ರೆಕ್ಕೆ, ರೆಕ್ಕೆಯ ಊರೆಗೋಲು ಎಲ್ಲ ಬಿಚ್ಚಿಟ್ಟು ನಿಂತ್ರೆ, ಆ ಚೌಕಟ್ಟು ಒಂಚೂರು ಸೊಟ್ಟ ಆಗುತ್ತೆ. ಹಳೇ ತೊಟ್ಟಿ ಮನೆ ಗೋಡೆ ಕುಸಿದಾಗ ಬಾಗಿಲು ಹೊಸಿಲಿಗೆ ಉಜ್ಜಲ್ವಾ, ಅದೇ ಇದು. ಬಾಗಿಲು ಸರಿಯಾಗೇ ಇದೆ, ಅದು ಕೂತ್ಕೊಳ್ಳೋ ಜಾಗ ಅಲುಗಿದೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಇದೇ ತಪ್ಪು ಮಾಡಿದೀನಿ. ಹ್ಯಾಂಗರ್‌ನಲ್ಲಿ ಒಂದು ಚಕ್ರ ತೆಗೆದು ಮರದ ದಿಮ್ಮಿ ಮೇಲೆ ನಿಲ್ಲಿಸಿದ್ರು, ಬಾಗಿಲು ಹಿಡೀತಿತ್ತು, ದೊಡ್ಡವರು ಊಟಕ್ಕೆ ಹೋಗಿದ್ರು, ನಾನು ಅರ ತಗೊಂಡು ಕೆಳಗಿನ ಅಂಚು ಚೆನ್ನಾಗಿ ಉಜ್ಜಿ ಸಲೀಸಾಗಿ ಮುಚ್ಚೋ ಹಾಗೆ ಮಾಡಿಬಿಟ್ಟೆ. ಸಂಜೆ ಚಕ್ರ ಹಾಕಿ ಇಳಿಸಿದಾಗ ಅದೇ ಅಂಚಲ್ಲಿ ಬೆರಳು ತೂರೋ ಸಂದಿ, ಹಿರಿಯ ಮೆಕ್ಯಾನಿಕ್ ಒಬ್ರು ಬಂದು ಆ ಸಂದಿಯಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದ್ರು, ಬೈಯಲೂ ಇಲ್ಲ. ಆ ಬಾಗಿಲಿಗೆ ಹೊಸ ಅಂಚುಪಟ್ಟಿ ಕೂರಿಸೋಕೆ ನಾಲ್ಕು ದಿನ ಹಿಡೀತು. ಉಜ್ಜಿ ತೆಗೆದಿದ್ದನ್ನ ವಾಪಸ್ ಅಂಟಿಸೋಕೆ ಆಗಲ್ಲ ಅನ್ನೋದು ಅವತ್ತಿಂದ ನನ್ನ ಕೈಯಲ್ಲೇ ಕೂತಿದೆ.

ಹೀಗೆ ಮಾಡಿ. ಮೊದಲು ಎರಡೂ ಟೈರ್ ಒಂದೇ ಎತ್ತರಕ್ಕೆ ಬರಲಿ, ಗಾಳಿ ನಿಲ್ಲದಿದ್ರೆ ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಬಾಲ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ, ಹೊಟ್ಟೆಯ ಬಟ್ಟೆಗೆ ಮಾತ್ರ ಎಲ್ಲೂ ಜಾಕ್ ಕೊಡಬೇಡಿ. ರಸಮಟ್ಟ ಇಟ್ಟು ಅಡ್ಡಕ್ಕೂ ಉದ್ದಕ್ಕೂ ಮಟ್ಟ ನೋಡಿ, ಗಾರೆ ಕೆಲಸದ ಮೇಸ್ತ್ರಿಗಳ ಹತ್ರ ಇರೋ ನೀರಿನ ಟ್ಯೂಬ್ ಇದ್ರೆ ಇನ್ನೂ ಒಳ್ಳೇದು, ಎರಡೂ ಬಾಗಿಲ ಹೊಸಿಲಿಗೆ ಒಂದೊಂದು ತುದಿ ಹಿಡಿದ್ರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಹಾಗೇ ಒಂದು ವಾರ ಬಿಡಿ. ಆಮೇಲೆ ಹಿಗ್ಗದ ದಾರ ತಗೊಂಡು ಎಡಗಡೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೀರಿ, ಅದೇ ಅಳತೆ ಬಲಗಡೆ ತಗೊಳ್ಳಿ. ಒಂದೇ ಕಡೆಯ ಎರಡು ಕರ್ಣ ಸಮ ಇರಬೇಕಿಲ್ಲ, ಆ ಬಾಗಿಲು ಚೌಕ ಅಲ್ಲ, ಆದ್ರೆ ಎಡಕ್ಕೂ ಬಲಕ್ಕೂ ಹೊಂದಬೇಕು. ಹೊಂದದೇ ಇದ್ರೆ ರೋಗ ಹಂದರದಲ್ಲಿದೆ.

ಹೊಂದಿದ ಮೇಲೂ ಹಿಡೀತಿದ್ರೆ ಹಿಂಜ್ ನೋಡಿ. ಬಾಗಿಲ ಹಿಡಿಕೆ ಇರೋ ತುದಿ ಹಿಡಿದು ಮೇಲಕ್ಕೆ ಎತ್ತಿ, ಟಕ್ ಅಂತ ಆಡಿದ್ರೆ ಹಿಂಜ್ ಒಳಗಿನ ಪಿನ್ ಸವೆದಿದೆ. ಪಿನ್ ಹೊಸದು ಹಾಕಬಹುದು, ಅದಕ್ಕೆ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಯಾವ ಲೇತ್ ಶಾಪಲ್ಲಾದ್ರೂ ಸರಿಯಾದ ದಪ್ಪದ ಸ್ಟೀಲ್ ಕಂಬಿ ಕಡೆದು ಕೊಡ್ತಾರೆ. ಆದ್ರೆ ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗಿದ್ರೆ ಹೊಸ ಪಿನ್ ಏನೂ ಮಾಡಲ್ಲ, ಹಿಂಜ್ ಬದಲಾಯಿಸಬೇಕು. ಕೊನೇಲಿ ಅಂಚಿಗೆಲ್ಲ ಸೀಮೆಸುಣ್ಣ ತೀಡಿ ಮೆಲ್ಲಗೆ ಮುಚ್ಚಿ ತೆಗೀರಿ. ಸುಣ್ಣ ಎಲ್ಲಿ ಒರೆಸಿಹೋಗಿದೆಯೋ ಅಲ್ಲಿ ಮಾತ್ರ ತಾಗ್ತಿದೆ ಅಂತ. ಎಷ್ಟೋ ಸಲ ಅಲ್ಲಿ ಹಳೇ ಬಣ್ಣದ ಐದಾರು ಪದರ ಗಟ್ಟಿಯಾಗಿ ಕೂತಿರೋದೇ ಕಾರಣ ಆಗಿರುತ್ತೆ, ಲೋಹ ಮುಟ್ಟೋ ಪ್ರಮೇಯವೇ ಬರಲ್ಲ.

ಬಾಗಿಲ ಕೆಳಗಿನ ಪೈಪ್ ಮರೀಬೇಡಿ. ಮಳೆ ನೀರು ಇಳಿದು ನಿಲ್ಲೋದು ಅಲ್ಲೇ, ತುಕ್ಕು ಒಳಗಡೆಯಿಂದ ತಿನ್ನುತ್ತೆ, ಹೊರಗೆ ಬಣ್ಣ ಹೊಸದರ ಹಾಗೆ ಹೊಳೀತಿರುತ್ತೆ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ, ಗಟ್ಟಿ ಪೈಪ್ ಕಂಚಿನ ಲೋಟದ ಹಾಗೆ ಟಣ್ ಅನ್ನುತ್ತೆ, ತಿಂದಿರೋದು ಮಡಕೆ ಥರ ದೊಬ್ ಅನ್ನುತ್ತೆ, ಅನುಮಾನ ಬಂದ ಕಡೆ ಪಂಚ್ ಇಟ್ಟು ಒಂದೇಟು ಹಾಕಿದ್ರೆ ಗೊತ್ತಾಗೋಗುತ್ತೆ. ಚೆನ್ನಾಗಿರೋ ಪೈಪ್‌ಗೆ ಹಳೇ ಕಾಲದ ಮದ್ದು ಅಗಸೆ ಎಣ್ಣೆ, ಬಿಸಿ ಮಾಡಿ ಒಳಗೆ ಹುಯ್ದು, ಆ ಕಡೆ ಈ ಕಡೆ ವಾಲಿಸಿ, ಪೂರ್ತಿ ಬಸಿದು ತೂತು ಮುಚ್ಚೋದು. ವೆಲ್ಡಿಂಗ್ ಏನಿದ್ರೂ ಇದಕ್ಕೆ ಮುಂಚೆ ಮುಗಿಸಿಬಿಡಿ. ಆ ಎಣ್ಣೆ ಒರೆಸಿದ ಬಟ್ಟೆನ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿ ಆಗುತ್ತೆ, ಮುದ್ದೆಯಲ್ಲಿ ಆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಬೆಂಕಿ ಕಡ್ಡಿ ಇಲ್ಲದೇ ಹೊತ್ತಿಕೊಳ್ಳುತ್ತೆ. ಹರವಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿ ಇಡಿ.

ಈಗ ಗ್ರೈಂಡರ್ ವಿಷಯ. ಹಳೇ ಬಟ್ಟೆಗೆ ಬಳಿದಿರೋ ಡೋಪ್‌ನಲ್ಲಿ ನೈಟ್ರೇಟ್ ಜಾತಿಯದು ಒಂದಿದೆ, ಹಳೇ ಸಿನಿಮಾ ರೀಲುಗಳು ಯಾವ ಪದಾರ್ಥಕ್ಕೆ ಭಗ್ ಅಂತ ಉರೀತಿದ್ವೋ ಅದೇ ನೈಟ್ರೋಸೆಲ್ಯುಲೋಸ್. ಒಂದು ಕಿಡಿ ಸಾಕು. ಹುಡುಗರು ಅಲ್ಲಿ ಬೀಡಿ ಸಿಗರೇಟ್ ಸೇದದ ಹಾಗೆ ನೋಡ್ಕೊಳ್ಳಿ, ವೆಲ್ಡ್ ಮಾಡೋದಿದ್ರೆ ಬಾಗಿಲನ್ನ ಬಿಚ್ಚಿ ಶೆಡ್‌ನಿಂದ ದೂರ ಒಯ್ದು ಮಾಡಿ. ಮತ್ತೆ, ಒಳಗಡೆ ಹಳದಿ-ಹಸಿರು ಪ್ರೈಮರ್ ಕಂಡ್ರೆ ಅದು ಜಿಂಕ್ ಕ್ರೋಮೇಟ್ ಇರಬಹುದು, ಅದರ ಧೂಳು ಕ್ಯಾನ್ಸರ್ ತರೋಂಥದ್ದು. ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ, ನೀರು ಹಾಕಿ, ಒಳ್ಳೇ ಮಾಸ್ಕ್ ಕಟ್ಟಿ.

ಪ್ರಶ್ನೆ: ಅದೇ ವಿಮಾನದ ಬಾಗಿಲಿಗೆ ಅಲ್ಯೂಮಿನಿಯಂ ತಗಡು ಹೊಡೆದಿದೆ, ಸಂದಿಯಲ್ಲೆಲ್ಲ ಬಿಳಿ ಪುಡಿ. ವೈರ್ ಬ್ರಷ್ ಹಾಕಬಹುದಾ? ರಿವಿಟ್ ಬದಲು ಅಂಗಡಿಯಲ್ಲಿ ಸಿಗೋ ಪಾಪ್ ರಿವಿಟ್ ಹೊಡೀಬಹುದಾ? (ಅದೇ ಕಾಲೇಜಿನ ಡಿಪ್ಲೊಮಾ ವಿದ್ಯಾರ್ಥಿಗಳು)

ಮೇಷ್ಟ್ರಿಗೆ ಬೇರೆ, ನಿಮಗೆ ಬೇರೆ ಉತ್ತರ ಕೊಡೋದು ನನಗೆ ಖುಷಿ ಕಣ್ರಪ್ಪ. ಆ ಬಿಳಿ ಪುಡಿ ಅಂದ್ರೆ ಅಲ್ಯೂಮಿನಿಯಂ ಸಾಯ್ತಿದೆ ಅಂತ. ಸ್ಟೀಲ್ ಪೈಪೂ ಅಲ್ಯೂಮಿನಿಯಂ ತಗಡೂ ನೇರ ತಾಕಿ, ಮಧ್ಯ ತೇವ ಸೇರಿದ್ರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತೆ, ಕರಗೋದು ಅಲ್ಯೂಮಿನಿಯಂ. ಕಬ್ಬಿಣದ ವೈರ್ ಬ್ರಷ್ ಹಾಕಿದ್ರೆ ಅದರ ಚೂರು ತಗಡಿನೊಳಗೆ ನಾಟಿ ನೂರು ಕಡೆ ಅದೇ ಬ್ಯಾಟರಿ ಶುರು ಮಾಡುತ್ತೆ. ಪಾತ್ರೆ ತಿಕ್ಕೋ ಹಸಿರು ನಾರಲ್ಲಿ ನೀರು ಹಾಕಿ ಮೆಲ್ಲಗೆ ತಿಕ್ಕಿ, ಒಣಗಿಸಿ, ಪ್ರೈಮರ್ ಹೊಡೆದು, ಎರಡು ಲೋಹದ ಮಧ್ಯ ಏನಾದ್ರೂ ಒಂದು ಪದರ ಕೊಡಿ. ಪೆನ್ಸಿಲ್ ತಗೊಂಡು ಆ ತಗಡಿನ ಮೇಲೆ ಗೆರೆ ಹಾಕಲೇಬೇಡಿ, ಮರಗೆಲಸದ ಅಭ್ಯಾಸ ಇರೋರು ಕಿವಿ ಮೇಲಿಂದ ತೆಗೆದು ಎಳೆದುಬಿಡ್ತಾರೆ, ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಕೂಡ ಇದೇ ಕೆಲಸ ಮಾಡುತ್ತೆ, ವರ್ಷದ ಮೇಲೆ ನೋಡಿದ್ರೆ ನೀವು ಎಳೆದ ಗೆರೆಯಲ್ಲೇ ತಗಡು ತಿಂದಿರುತ್ತೆ. ಸ್ಕೆಚ್ ಪೆನ್ ಸಾಕು.

ಪಾಪ್ ರಿವಿಟ್ ಬೇಡ. ಹಳೇ ರಿವಿಟ್‌ನ ತಲೆ ಲೆನ್ಸ್ ಹಿಡಿದು ನೋಡಿ, ಅಮೆರಿಕನ್ ಪದ್ಧತಿಯ ಗಟ್ಟಿ ಮಿಶ್ರಲೋಹದ, ‘ಎಡಿ’ (AD) ಅನ್ನೋ ಗುರುತಿನ ರಿವಿಟ್ ಆಗಿದ್ರೆ ತಲೆ ಮಧ್ಯದಲ್ಲಿ ಸೂಜಿ ಮೊನೆಯಷ್ಟು ಗುಳಿ ಇರುತ್ತೆ, ಮೆತ್ತನೆ ಶುದ್ಧ ಅಲ್ಯೂಮಿನಿಯಂನದ್ದಕ್ಕೆ ತಲೆ ನುಣ್ಣಗೆ. ಆ ಗುಳಿ ನೋಡಿದ ದಿನ ನಿಮಗೆ ವಿಮಾನದ ಕೆಲಸದ ರುಚಿ ಹತ್ತುತ್ತೆ ನೋಡಿ. ತೆಗೆಯುವಾಗ ಅದೇ ಗುಳಿಗೆ ಡ್ರಿಲ್ ಇಟ್ಟು ತಲೆಯಷ್ಟೇ ಕೊರೀರಿ, ತಲೆ ಎಗರಿಸಿ, ಹಿಂದೆ ಮರ ಆನಿಸಿ ಕಾಲನ್ನ ಪಂಚ್‌ನಲ್ಲಿ ತಳ್ಳಿ. ಪೂರ್ತಿ ಕೊರೆದ್ರೆ ತೂತು ದೊಡ್ಡದಾಗುತ್ತೆ, ಆಮೇಲೆ ದೊಡ್ಡ ರಿವಿಟ್, ಅದಕ್ಕೆ ಇನ್ನೂ ದೊಡ್ಡ ತೂತು, ಹೀಗೇ ಹೋಗುತ್ತೆ.

ಪ್ರಶ್ನೆ: ವಿಮಾನದ ಕಿಟಕಿಯ ಗಾಜು ಗಾಜಲ್ಲ, ಪ್ಲಾಸ್ಟಿಕ್. ಮಬ್ಬಾಗಿತ್ತು ಅಂತ ಥಿನ್ನರ್ ಹಾಕಿ ಒರೆಸಿದೆ, ಈಗ ಒಳಗೆಲ್ಲ ಕೂದಲೆಳೆ ಥರ ಬಿರುಕು. ಏನಾದ್ರೂ ಮಾಡಬಹುದಾ? (ಗೌರಿಬಿದನೂರು)

ಅದು ಪರ್ಸ್‌ಪೆಕ್ಸ್, ನಮ್ಮ ಕಡೆ ಅಂಗಡಿಯಲ್ಲಿ ಅಕ್ರಿಲಿಕ್ ಶೀಟ್ ಅಂತಾರೆ. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ತೆಗೆಯೋ ಅಸಿಟೋನ್, ಅಮೋನಿಯಾ ಇರೋ ಗಾಜು ಒರೆಸೋ ಸ್ಪ್ರೇ ಎಲ್ಲ ಅದಕ್ಕೆ ವಿಷ. ಆ ಕೂದಲೆಳೆ ಬಿರುಕು ಒಳಕ್ಕೆ ಇಳಿದುಬಿಟ್ಟಿದ್ರೆ ಹೋಗಲ್ಲ ಸ್ವಾಮಿ, ನಿಮ್ಮ ಮನಸ್ಸಿಗೆ ಬೇಜಾರಾದ್ರೂ ಇದ್ದಿದ್ದು ಹೇಳಬೇಕು, ಹೊಸ ಶೀಟೇ ಹಾಕಬೇಕು. ಬರೀ ಮೇಲ್ಮೈ ಗೀರು ಇದ್ರೆ 1000, 1500, 2000 ನಂಬರ್ ಪೇಪರ್ ಕ್ರಮವಾಗಿ ನೀರಲ್ಲಿ ನೆನೆಸಿ ಉಜ್ಜಿ, ಕೊನೆಗೆ ಪಾಲಿಶ್ ಹಾಕಿದ್ರೆ ಹೋಗುತ್ತೆ. ಇನ್ಮೇಲೆ ಒರೆಸೋದು ಬರೀ ನೀರು, ಒಂಚೂರು ಮೆದು ಸೋಪು, ಒಗೆದ ಹಳೇ ಬನಿಯನ್ ಬಟ್ಟೆ, ಅದೂ ಮೊದಲು ಧೂಳನ್ನ ನೀರು ಸುರಿದು ಇಳಿಸಿದ ಮೇಲೆ.

ಹೊಸದು ಹಾಕುವಾಗ ಎಲ್ಲರೂ ಎಡವೋದು ಸ್ಕ್ರೂ ತೂತಲ್ಲಿ. ಪರ್ಸ್‌ಪೆಕ್ಸ್ ಬಿಸಿಗೆ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತೆ. ಬೆಳಗಿನ ಜಾವದ ಚಳಿಗೂ ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಕಾದ ಲೋಹಕ್ಕೂ 40 ಡಿಗ್ರಿ ವ್ಯತ್ಯಾಸ ಅಂತ ಇಟ್ಕೊಳ್ಳಿ, 60 ಸೆಂಟಿಮೀಟರ್ ಕಿಟಕಿ ಒಂದೂವರೆ ಮಿಲಿಮೀಟರ್ ಮೇಲೆ ಬೆಳೆಯುತ್ತೆ, ಅದರ ಅಲ್ಯೂಮಿನಿಯಂ ಚೌಕಟ್ಟು ಅರ್ಧ ಮಿಲಿಮೀಟರ್ ಚಿಲ್ಲರೆ. ಬಿಗಿಯಾಗಿ ಸ್ಕ್ರೂ ಹಾಕಿದ್ರೆ ಅದು ಹೋಗೋಕೆ ಜಾಗ ಇಲ್ಲದೇ ತೂತಿಂದಲೇ ಸೀಳುತ್ತೆ. ಅದಕ್ಕೆ 4 ಮಿಲಿಮೀಟರ್ ಸ್ಕ್ರೂಗೆ 6-7 ಮಿಲಿಮೀಟರ್ ತೂತು, ವಾಷರ್, ರಬ್ಬರ್ ಪಟ್ಟಿ, ನಟ್ ಕೂತ ಮೇಲೆ ಒಂದು ಸುತ್ತು ವಾಪಸ್ ಸಡಿಲ. ಲೋಹಕ್ಕೆ ಬಳಸೋ ಚೂಪು ಡ್ರಿಲ್ ಬಿಟ್ ಪರ್ಸ್‌ಪೆಕ್ಸ್‌ನ ಕಚ್ಚಿ ಒಡೆಯುತ್ತೆ, ಬಿಟ್‌ನ ಅಂಚು ಸ್ವಲ್ಪ ಮೊಂಡು ಮಾಡಿ, ಕೆಳಗೆ ಹಲಗೆ ಕೊಟ್ಟು, ಸೋಪಿನ ನೀರು ಬಿಡ್ತಾ ನಿಧಾನಕ್ಕೆ ಕೊರೀರಿ.

ಪ್ರಶ್ನೆ: ಅಣ್ಣ, ಗುಜರಿ ಅಂಗಡಿಯಲ್ಲಿ ಒಂದು ಹಳೇ ವಿಮಾನದ ಆಲ್ಟಿಮೀಟರ್ (ಎತ್ತರ ತೋರಿಸೋ ಮೀಟರ್) ಸಿಕ್ತು. ಮುಳ್ಳಿನ ಮೇಲೆ, ನಂಬರ್ ಮೇಲೆ ಕಂದು ಬಣ್ಣದ ಪೇಂಟ್ ಉದುರ್ತಾ ಇದೆ. ಬಿಚ್ಚಿ, ಕೆರೆದು, ಹೊಸ ರೇಡಿಯಂ ಬಳಿದು ಟೇಬಲ್ ಮೇಲೆ ಇಡೋಣ ಅಂತಿದೀನಿ. ಕತ್ತಲಲ್ಲಿ ಹೊಳೆಯಲ್ಲ, ಅಂದ್ರೆ ಪವರ್ ಹೋಗಿದೆ ಅಲ್ವಾ? (ಪಿಯುಸಿ ವಿದ್ಯಾರ್ಥಿ, ಕೆಜಿಎಫ್)

ತಮ್ಮಾ, ಬಿಚ್ಚಬೇಡ. ಈಗಲೇ ಅದನ್ನ ನಿನ್ನ ಟೇಬಲ್‌ನಿಂದ ತೆಗೆದು ಹೊರಗಡೆ ಗಾಳಿಯಾಡೋ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡು, ಕೈ ಸೋಪಲ್ಲಿ ತೊಳೆದು ಬಂದು ಮುಂದೆ ಓದು.

ನಾವು ಬೈಕ್ ನಂಬರ್ ಪ್ಲೇಟ್ ಮೇಲೆ, ಲಾರಿ ಹಿಂದೆ ಅಂಟಿಸೋ ಸ್ಟಿಕ್ಕರ್‌ಗೆಲ್ಲ ರೇಡಿಯಂ ಅಂತೀವಿ, ಅದರಲ್ಲಿ ರೇಡಿಯಂ ಒಂದು ಕಣವೂ ಇಲ್ಲ, ಅದು ಬರೀ ಬೆಳಕನ್ನ ವಾಪಸ್ ಎಸೆಯೋ ಶೀಟು. ಹಳೇ ವಿಮಾನದ ಡಯಲ್‌ಗಳಲ್ಲಿ ಎಷ್ಟೋ ಸಲ ಇರೋದು ನಿಜವಾದ ರೇಡಿಯಂ. ಜಿಂಕ್ ಸಲ್ಫೈಡ್ ಅನ್ನೋ ಪುಡಿ ಜೊತೆ ರೇಡಿಯಂ ಕಲಸಿ ಬಳೀತಿದ್ರು, ರೇಡಿಯಂ ಕಿರಣ ಆ ಪುಡಿಗೆ ಬಡಿದು ಅದು ಹೊಳೀತಿತ್ತು. ವರ್ಷಗಳು ಹೋದ ಹಾಗೆ ಸತ್ತಿದ್ದು ಜಿಂಕ್ ಸಲ್ಫೈಡ್, ರೇಡಿಯಂ ಅಲ್ಲ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ನಿಂತಿದೆ ಅಂದ್ರೆ ದೀಪ ಆರಿದೆ ಅಷ್ಟೇ, ಒಲೆ ಉರೀತಾನೇ ಇದೆ.

ಅದರ ಮುಖ್ಯ ಕಿರಣ ಆಲ್ಫಾ, ಗಾಜು ತಡೆಯುತ್ತೆ, ಗಾಮಾ ಸ್ವಲ್ಪ ಹೊರಗೂ ಬರುತ್ತೆ. ಗಾಜು ತೆಗೆದು ನೀನು ಕೆರೆದ್ರೆ ಆ ಪುಡಿ ಮೂಗಿಗೆ, ಬಾಯಿಗೆ ಹೋಗುತ್ತೆ, ದೇಹ ಅದನ್ನ ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ ಕಳಿಸುತ್ತೆ. ಅಮೆರಿಕದಲ್ಲಿ 1910, 20ರ ದಶಕದಲ್ಲಿ ವಾಚ್ ಡಯಲ್‌ಗೆ ಈ ಬಣ್ಣ ಬಳಿಯೋ ಕೆಲಸದ ಹುಡುಗಿಯರು ಬ್ರಷ್ ಮೊನೆ ಚೂಪು ಮಾಡೋಕೆ ತುಟಿಗೆ ಇಟ್ಕೊಳ್ತಿದ್ರು, ಹಾಗೇ ಮಾಡಿ ಅಂತಲೇ ಅವರಿಗೆ ಕಲಿಸಿದ್ರು. ದವಡೆ ಮೂಳೆ ಕೊಳೆತು ಎಷ್ಟೋ ಜನ ಸತ್ತರು. ನಿನ್ನ ವಯಸ್ಸಿನವರೇ.

ಎಲ್ಲ ಹಳೇ ಡಯಲ್‌ನಲ್ಲೂ ಇರಲ್ಲ, ಆದ್ರೆ ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ. ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬ್‌ಗಳಲ್ಲಿ ವಿಕಿರಣ ಅಳೆಯೋ ಜಿಎಂ ಕೌಂಟರ್ ಇರುತ್ತೆ, ಮೊದಲು ಡಯಲ್ ಬಿಟ್ಟು ನೀನು ಹೋಗಿ ಮೇಷ್ಟ್ರ ಹತ್ರ ವಿಷಯ ಹೇಳು, ಅವರು ತರೋಕೆ ಹೇಳಿದ್ರೆ ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಸುತ್ತಿ ತಗೊಂಡು ಹೋಗು. ಕೌಂಟರ್ ಜೋರಾಗಿ ಟಿಕ್ ಟಿಕ್ ಅಂದ್ರೆ ಮುಂದೇನು ಮಾಡಬೇಕು ಅಂತ ಆ ಮೇಷ್ಟ್ರ ಮೂಲಕವೇ ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಕೇಳಬೇಕು. ಕಸಕ್ಕೆ ಎಸೀಬೇಡ, ಗುಜರಿಗೂ ವಾಪಸ್ ಕೊಡಬೇಡ, ಅಲ್ಲಿ ಯಾರೋ ಸುತ್ತಿಗೆಯಲ್ಲಿ ಒಡೀತಾರೆ. ಕಾಲೇಜಿನ ಪುಷ್ಪಕ್ ಮೇಷ್ಟ್ರೂ ಇದನ್ನ ಓದಲಿ, ಡ್ಯಾಶ್‌ಬೋರ್ಡ್ ಮುಟ್ಟೋ ಮುಂಚೆ ಇದು ಮೊದಲ ಕೆಲಸ.

ಪ್ರಶ್ನೆ: ನಮ್ಮ ತಂದೆ ಏರೋಡ್ರೋಮ್‌ನಲ್ಲಿ ಕೆಲಸದಲ್ಲಿದ್ದರು. ಅವರು ಹೋದ ಮೇಲೆ ಟ್ರಂಕ್‌ನಲ್ಲಿ ಒಂದು ಥ್ರಾಟಲ್ (ಇಂಜಿನ್ ವೇಗ ಹೆಚ್ಚು ಕಡಿಮೆ ಮಾಡೋ) ಹಿಡಿಕೆ, ಒಂದು ಬಾಗಿಲ ಹಿಡಿಕೆ, ಅಕ್ಷರ ಕೆತ್ತಿದ ಒಂದು ಕಪ್ಪು ಪಟ್ಟಿ ಸಿಕ್ಕಿತು. ಹೊಸದರ ಹಾಗೆ ಮಾಡಿ ಶೋಕೇಸ್‌ನಲ್ಲಿ ಇಡಬೇಕು ಅಂತ ಆಸೆ. (ಗೃಹಿಣಿ, ಚಿಕ್ಕಬಳ್ಳಾಪುರ)

ಅಮ್ಮಾ, ಆ ಥ್ರಾಟಲ್ ಹಿಡಿಕೆಯನ್ನ ಕಿಟಕಿ ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿ ನೋಡಿ. ಒಂದು ಕಡೆ ನುಣ್ಣಗೆ, ಸ್ವಲ್ಪ ತಗ್ಗಾಗಿರುತ್ತೆ. ಎಷ್ಟೋ ಜನರ ಅಂಗೈ, ಬೆರಳು ಸಾವಿರಾರು ಸಲ ತಳ್ಳಿ ಎಳೆದು ಸವೆಸಿದ ಜಾಗ ಅದು, ಅದರಲ್ಲಿ ನಿಮ್ಮ ತಂದೆಯವರ ಕೈಯೂ ಇದ್ದಿರಬಹುದು. ಹೊಸದರ ಹಾಗೆ ಮಾಡಿದ್ರೆ ಮೊದಲು ಹೋಗೋದು ಅದೇ. ನನ್ನ ಮಾತು ಕೇಳೋದಾದ್ರೆ ಕೊಳೆ ತೆಗೀರಿ, ಸವೆತ ಬಿಡಿ.

ಆ ಥ್ರಾಟಲ್ ಹಿಡಿಕೆ ಕಪ್ಪಗಿದ್ರೆ ಅದು ಬೇಕಲೈಟ್ ಇದ್ದೀತು, ಹಳೇ ಕರೆಂಟ್ ಸ್ವಿಚ್‌ಗಳದ್ದೇ ಪದಾರ್ಥ. ನೀರಲ್ಲಿ ನೆನೆಹಾಕಬೇಡಿ, ಒಳಗೆ ಮರದ ಪುಡಿ ಇರುತ್ತೆ, ಉಬ್ಬುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆ, ಆಮೇಲೆ ಬ್ರಾಸೋ ಒಂದೇ ಹನಿ ಹತ್ತಿಯಲ್ಲಿ ತಗೊಂಡು ಮೆಲ್ಲಗೆ, ಕೊನೆಗೆ ಮೇಣ. ಹತ್ತಿ ಕಂದು ಬಣ್ಣಕ್ಕೆ ತಿರುಗಿದ್ರೆ ಅಲ್ಲಿಗೆ ನಿಲ್ಲಿಸಿ, ಬೇಕಲೈಟ್‌ನ ಮೇಲ್ಪದರವೇ ಬರ್ತಿದೆ ಅಂತ ಅರ್ಥ. ಬಿಸಿಲು ಬೀಳೋ ಶೋಕೇಸ್ ಬೇಡ. ಕೆತ್ತಿದ ಅಕ್ಷರದ ಪಟ್ಟಿಗೆ ಪೂರ್ತಿ ಪೇಂಟ್ ಹೊಡೆಯೋ ಬದಲು, ಬಿಳಿ ಮೇಣದ ಕ್ರೇಯಾನ್ ಅಕ್ಷರದ ಗುಳಿಗೆ ಒತ್ತಿ ತುಂಬಿ, ಗಟ್ಟಿ ರಟ್ಟಿನ ಅಂಚಿಂದ ಮೇಲಿನದ್ದನ್ನ ಒರೆಸಿಬಿಡಿ. ಅಕ್ಷರ ಎದ್ದು ಕಾಣುತ್ತೆ, ಬೇಡ ಅಂದ್ರೆ ನಾಳೆ ತೆಗೆಯಲೂಬಹುದು. ಆ ಪಟ್ಟಿ ಮೇಲೆ ಹೊಳೆಯೋ ಬಣ್ಣದ ಗುರುತು ಏನಾದ್ರೂ ಇದ್ರೆ ಮಾತ್ರ ಮೇಲಿನ ಹುಡುಗನಿಗೆ ಹೇಳಿದ್ದನ್ನೇ ನೀವೂ ಮಾಡಿ.

ಬಾಗಿಲ ಹಿಡಿಕೆಗೆ ಕ್ರೋಮ್ ಹಾಕಿಸ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಕ್ರೋಮ್ ಹಾಕೋ ಮುಂಚೆ ಬಫ್ ಮಾಡಿ ಎಲ್ಲ ನುಣ್ಣಗೆ ಮಾಡ್ತಾರೆ, ಭಾಗದ ನಂಬರ್ ಒತ್ತಿದ್ರೆ ಅದೂ ಅಳಿಸಿಹೋಗುತ್ತೆ.

ಪ್ರಶ್ನೆ: ಇಷ್ಟೆಲ್ಲ ಮಾಡಿದ್ರೆ ಆ ಪುಷ್ಪಕ್ ಮತ್ತೆ ಹಾರುತ್ತಾ? (ಶಿರಾ)

ಇಲ್ಲ. ನಾನು ಇಲ್ಲಿ ಬರೆದಿದ್ದೆಲ್ಲ ನಿಂತು ನೋಡೋ ವಿಮಾನಕ್ಕೆ. ಹಾರಬೇಕು ಅಂದ್ರೆ ಪ್ರತಿ ರಿವಿಟ್‌ಗೂ, ಪ್ರತಿ ಬೋಲ್ಟ್‌ಗೂ ಕಾಗದ ಬೇಕು, ಲೈಸೆನ್ಸ್ ಇರೋ ಇಂಜಿನಿಯರ್ ಸಹಿ ಬೇಕು, ವಿಮಾನಯಾನದ ಸರ್ಕಾರಿ ಇಲಾಖೆ ಡಿಜಿಸಿಎ ಒಪ್ಪಿಗೆ ಬೇಕು. ಅಂಗಡಿ ಅಕ್ರಿಲಿಕ್ ಹಾಕಿದ ವಿಮಾನದ ಇಂಜಿನ್ ತಿರುಗಿಸೋ ಯೋಚನೆ ಕೂಡ ಮಾಡಬೇಡಿ.

ಪ್ರಶ್ನೆ: ಬಾಗಿಲು ಬಿಚ್ಚಿದೀವಿ, ನೂರಾರು ಸ್ಕ್ರೂ. ಹೇಗೆ ಇಟ್ಕೊಳ್ಳೋದು? ತಿಪಟೂರಿನಿಂದ ಬಂದು ಸಹಾಯ ಮಾಡ್ತಿರೋ ಗ್ಯಾರೇಜ್ ಹುಡುಗ ಕೇಳ್ತಿದೀನಿ.

ಒಂದು ದೊಡ್ಡ ರಟ್ಟು ತಗೋ, ಬಾಗಿಲನ್ನ ಅದರ ಮೇಲೆ ಮಲಗಿಸಿ ಸುತ್ತ ಗೆರೆ ಹಾಕು, ರಟ್ಟಿನ ಮೇಲಾದ್ರೆ ಪೆನ್ಸಿಲ್ ಪರವಾಗಿಲ್ಲ. ಬಿಚ್ಚಿದ ಸ್ಕ್ರೂನ ಅದೇ ಜಾಗದಲ್ಲಿ ರಟ್ಟಿಗೆ ಚುಚ್ಚು. ಉದ್ದ ಗಿಡ್ಡ ವ್ಯತ್ಯಾಸ ಇರುತ್ತೆ, ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದ್ರೆ ಒಳಗಿನ ಬಟ್ಟೆ ಹರಿಯುತ್ತೆ. ವಾಷರ್, ಸ್ಪ್ರಿಂಗ್ ಎಲ್ಲ ಮೊಟ್ಟೆ ಟ್ರೇಗೆ, 30 ಗುಳಿಗೂ ನಂಬರ್ ಬರಿ. ಇಂಚು ಅಳತೆಯ ಸ್ಕ್ರೂ ಇರುತ್ತೆ, ಕಳೆದ್ರೆ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಸ್ಕ್ರೂನ ಬಲವಂತಕ್ಕೆ ತಿರುಗಿಸಬೇಡ, ಎರಡು ಸುತ್ತು ಹೋದ ಹಾಗೆ ಕಂಡು ಎಳೆ ಕತ್ತರಿಸಿಬಿಡುತ್ತೆ. ಬಿಚ್ಚೋ ಮುಂಚೆ ಫೋನಲ್ಲಿ ಫೋಟೋ ತೆಗೆದಿಲ್ಲ ಅಂದ್ರೆ, ಬಲಗಡೆ ಬಾಗಿಲು ಇನ್ನೂ ಹಾಗೇ ಇದೆ ತಾನೇ, ಅದರ ಫೋಟೋ ಈಗಲೇ ತೆಗಿ. ಎಡಗಡೆ ಬಾಗಿಲು ಪೂರ್ತಿ ಕೂತು ಮುಚ್ಚೋ ತನಕ ಬಲಗಡೇದು ಮುಟ್ಟಬೇಡ.